ಅತಿಥಿ ಅನ್ನಬೇಡಿ
ಲಿಕ್ಟನ್‌ಸ್ಟೈನ್ ದೇಶದ ವಾಡುಜ್ ಫುಟ್‌ಬಾಲ್ ತಂಡ ಸ್ವಿಸ್ ಲೀಗ್‌ನಲ್ಲಿ ಬರೀ ಅತಿಥಿ ಅಂತ ಬರೆದಿದ್ದೀರಿ, ನಾನು ಒಪ್ಪಲ್ಲ ಸರ್. ಲಿಕ್ಟನ್‌ಸ್ಟೈನ್‌ನಲ್ಲಿರುವುದು ಸುಮಾರು 40,000 ಜನ, ಏಳೇ ಕ್ಲಬ್. ಸ್ವಂತ ಲೀಗ್ ನಡೆಸೋದು ಹೇಗೆ? ಅದಕ್ಕೇ ಏಳೂ ತಂಡ ಸ್ವಿಟ್ಜರ್ಲೆಂಡಿನ ಬೇರೆ ಬೇರೆ ದರ್ಜೆಗಳಲ್ಲಿ ಆಡುತ್ತವೆ. ವಾಡುಜ್ ಅಲ್ಲಿ ಎಷ್ಟು ಮೇಲೆ ಬಂದರೂ ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಸ್ವಿಸ್ ಪಾಲಿನ ಸ್ಥಾನ ಸಿಗಲ್ಲ, ತನ್ನ ದೇಶದ ಕಪ್ ಗೆದ್ದೇ ಹೋಗಬೇಕು. 2022ರಲ್ಲಿ ಸ್ವಿಸ್ ಎರಡನೇ ದರ್ಜೆಯಲ್ಲಿದ್ದಾಗಲೇ ಆಸ್ಟ್ರಿಯಾದ ರಾಪಿಡ್ ವಿಯೆನ್ನಾ ತಂಡದ ಜೊತೆ ತವರಲ್ಲಿ 1-1 ಸಮ ಮಾಡಿಕೊಂಡು, ವಿಯೆನ್ನಾಕ್ಕೇ ಹೋಗಿ 1-0 ಗೆದ್ದು ಕಾನ್ಫರೆನ್ಸ್ ಲೀಗ್ ಅನ್ನೋ ಯುರೋಪ್ ಟೂರ್ನಿಯ ಗುಂಪು ಹಂತ ಮುಟ್ಟಿತು. ಲಿಕ್ಟನ್‌ಸ್ಟೈನ್‌ನ ಯಾವ ಕ್ಲಬ್ಬೂ ಅಲ್ಲಿತನಕ ಹೋಗಿರಲಿಲ್ಲ, ನೆನೆದರೆ ಈಗಲೂ ಖುಷಿಯಾಗುತ್ತೆ. ಅವರ ರೈನ್‌ಪಾರ್ಕ್ ಮೈದಾನದ ಪಕ್ಕದಲ್ಲೇ ರೈನ್ ನದಿ, ಆಚೆ ದಡವೇ ಸ್ವಿಟ್ಜರ್ಲೆಂಡ್. ನದಿ ದಾಟಿ ಆಡಲು ಬರುವ ಪಕ್ಕದ ಮನೆಯವರು ಅತಿಥಿಗಳಾಗುತ್ತಾರಾ?