ಕೊಳೆಮದ್ದು ಹುಡುಕಿ ಬಂದವರು

ನಾನು ಬ್ಲಾಗು ಶುರುಮಾಡಿದ್ದು 2011ರಲ್ಲಿ. ಶಿರಸಿಯಿಂದ ಒಂಬತ್ತು ಕಿಲೋಮೀಟರು ಒಳಗಿನ ನಮ್ಮೂರಲ್ಲಿ ಆಗ ಬ್ಲಾಗು ಎಂದರೆ ಬ್ಲಾಕು ಆಫೀಸು ಎಂದೇ ಕೇಳಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯವರು "ಚಲೋ ಆತು, ಹಂಗಾದ್ರೆ ನಮ್ಮ ಕಾಲುಸಂಕದ್ದೂ ಒಂದು ಅರ್ಜಿ ಹಾಕು" ಎಂದರು. ಅರ್ಜಿ ಹಾಕಲಿಲ್ಲ, ಮಳೆಯ ಬಗ್ಗೆ ಒಂದು ಲೇಖನ ಹಾಕಿದೆ.

ಮೊದಲ ವಾರದಲ್ಲೇ 47 ಓದು! ರಾತ್ರಿ ಊಟಕ್ಕೆ ಕುಳಿತಾಗ ಹಪ್ಪಳ ಮುರಿಯುವ ಮುಂಚೆ ಈ ಸುದ್ದಿ ಮುರಿದೆ. ಆಯಿಗೆ ಸಂತೋಷ, ಹೆಂಡತಿಗೆ ಅನುಮಾನ. ರಜೆಗೆ ಬಂದಿದ್ದ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದ. ಅವನು ತಟ್ಟೆಯಿಂದ ತಲೆ ಎತ್ತದೆ, "ಮಾವಾ, ದಿನಕ್ಕೆ ಎಷ್ಟು ಸಲ ತೆಗೆದು ನೋಡ್ತೆ?" ಎಂದ. ಎಷ್ಟು ಜನ ಓದಿದರು ಎಂದು ನೋಡಲಿಕ್ಕೆ ಆರೇಳು ಸಲ ತೆಗೆಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಕೈತೊಳೆದು ಬಂದವನು ನನ್ನ ಬ್ಲಾಗಿನ ಹೊಟ್ಟೆಯೊಳಗೆ ಎಲ್ಲೋ ಇದ್ದ 'ನನ್ನ ಭೇಟಿಯನ್ನು ಲೆಕ್ಕಕ್ಕೆ ಹಿಡಿಯಬೇಡ' ಎಂಬ ಗುಂಡಿ ಒತ್ತಿದ. ಮರುವಾರದ ಲೆಕ್ಕ 4. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೂ ತೂಕ ಇಷ್ಟು ಇಳಿಯುವುದಿಲ್ಲ.

ಆದರೂ ಎರಡು ವರ್ಷದಲ್ಲಿ ಮೂವತ್ತೆಂಟು ಜನ ಖಾಯಂ ಓದುಗರಾದರು. ಆಗ ಗೂಗಲ್ ರೀಡರ್ ಎಂಬ ಸವಲತ್ತು ಇತ್ತು. ಒಮ್ಮೆ ಸೇರಿಸಿಕೊಂಡರೆ ಮುಗಿಯಿತು, ವರ್ತನೆ ಹಾಲಿನ ಹಾಗೆ ಹೊಸ ಬರಹ ತಾನಾಗಿ ಓದುಗನ ಬಾಗಿಲಿಗೆ ಬರುತ್ತಿತ್ತು. 2013ರ ಜುಲೈ 1ಕ್ಕೆ ಅದನ್ನು ಮುಚ್ಚಿಬಿಟ್ಟರು. ಜುಲೈ ಒಂದೆಂದರೆ ನಮ್ಮಲ್ಲಿ ಮಳೆ ಕೊಡೆಯನ್ನೇ ತಿರುಗಿಸಿ ಹೊಡೆಯುವ ಕಾಲ. ಎಲ್ಲೋ ಮರ ಬಿದ್ದು ಕರೆಂಟು ಹೋದದ್ದು ನಾಲ್ಕನೇ ದಿನ ಬಂತು. ಬಂದಾಗ ಹಾಲು ಹಾಕುವವನೂ ಇಲ್ಲ, ಕುಡಿಯುವವರೂ ಇಲ್ಲ. ಕರೆಂಟು ಇಲ್ಲದ್ದಕ್ಕೇ ಓದುಗರು ಓಡಿಹೋದರು ಎಂದು ನಾನು ಲೈನ್‌ಮನ್ನಿಗೆ ಬಹಳ ದಿನ ಬಯ್ದಿದ್ದೇನೆ. ತಪ್ಪಾಯಿತು.

ಆಮೇಲೆ ವಾಟ್ಸಾಪ್ ಬಂತು. ನಮ್ಮ ಕುಟುಂಬದ ಗುಂಪಿನಲ್ಲಿ ಅರವತ್ತೆರಡು ಜನ. ಲಿಂಕು ಹಾಕಿದ ಒಂದು ನಿಮಿಷದೊಳಗೆ ಹತ್ತೊಂಬತ್ತು ಕೈಮುಗಿಯುವ ಚಿತ್ರ, ನಾಲ್ಕು ಹೂವಿನ ಗುಚ್ಛ, ಒಬ್ಬ ಚಿಕ್ಕಮ್ಮನಿಂದ 'ಓಂ ಶಾಂತಿ'. ಚಿಕ್ಕಮ್ಮ ಯಾವ ಧೈರ್ಯದ ಮೇಲೆ ಶಾಂತಿ ಕೋರಿದರೋ ಗೊತ್ತಿಲ್ಲ, ಲೇಖನ ಹಲಸಿನ ಹಪ್ಪಳದ ಬಗ್ಗೆ ಇತ್ತು. ಬ್ಲಾಗು ತೆಗೆದು ನೋಡಿದರೆ ಓದಿದವರು ಇಬ್ಬರು. ಮರುದಿನ ಪೇಟೆಯಲ್ಲಿ ಭಾವ ಸಿಕ್ಕಿದ.

"ಓದಿದ್ಯ ಭಾವ?"

"ಓದಿದಿ, ಓದಿದಿ. ರಾಶಿ ಚಲೋ ಬರದ್ದೆ."

"ಯಾವ ಭಾಗ ಚಲೋ ಇತ್ತು?"

ಭಾವ ದೇವಿಕೆರೆಯ ಕಡೆ ಒಮ್ಮೆ ನೋಡಿದ. "ಕೊನೆ," ಎಂದ. ಅಡಿಕೆ ಬೆಳೆಯುವವನಿಗೆ ಕೊನೆ ಎಂದರೆ ಎರಡರ್ಥ, ಮುಕ್ತಾಯವೂ ಹೌದು, ಅಡಿಕೆಯ ಗೊನೆಯೂ ಹೌದು. ಅವನು ಯಾವುದರಲ್ಲಿ ಹೇಳಿದನೋ ಕೇಳಲಿಲ್ಲ.

ಇದರ ನಡುವೆ ಒಂದು ದಿನ ಒಮ್ಮೆಲೇ ಸಿಂಗಾಪುರದಿಂದ 212 ಓದು. ಬ್ಲಾಗಿನೊಳಗೆ ಭೂಪಟ ಇರುತ್ತದೆ, ಓದುಗರಿರುವ ದೇಶಕ್ಕೆ ಬಣ್ಣ ಬರುತ್ತದೆ. ಸಿಂಗಾಪುರ ಎಂಬ ಚುಕ್ಕೆಗೆ ಅಂಥ ಗಾಢ ಬಣ್ಣ ಬಂದದ್ದನ್ನು ಆಯಿಗೆ ತೋರಿಸಿದ್ದೇ ತಪ್ಪು. ಸಂಜೆಯೊಳಗೆ ಮಾರಿಕಾಂಬೆಯ ಗುಡಿಯ ಎದುರು ಹೂ ಮಾರುವವಳಿಗೂ ವಿಷಯ ಮುಟ್ಟಿತ್ತು. ಅಕ್ಕನ ಮಗನಿಗೆ ಫೋನು ಮಾಡಿದೆ. "ಅವು ಮನುಷ್ಯರಲ್ಲ ಮಾವಾ, ಯಂತ್ರ. ಎಲ್ಲಾ ಬ್ಲಾಗಿಗೂ ಹೋಗಿ ಮೂಸಿ ಬತ್ತ," ಎಂದ. ನಮ್ಮ ಬೀದಿನಾಯಿಗಳಿಗೂ ಇದೇ ಅಭ್ಯಾಸ, ಅವನ್ನು ಯಾರೂ ಅತಿಥಿ ಎಂದು ಬರೆದುಕೊಳ್ಳುವುದಿಲ್ಲ. ಆಯಿಗೆ ಮಾತ್ರ ಹೇಳಲಿಲ್ಲ. ಅವಳ ಪಾಲಿಗೆ ನಾನು ಇವತ್ತಿಗೂ ಸಿಂಗಾಪುರದಲ್ಲಿ ಹೆಸರುವಾಸಿ.

ಅಕ್ಕನ ಮಗನಿಗೆ ಕನಿಕರ ಬಂದಿರಬೇಕು. ದಸರಾ ರಜೆಗೆ ಬಂದವನು ಪಾಠ ಶುರುಮಾಡಿದ. ಜನ ಗೂಗಲ್ಲಿನಲ್ಲಿ ಏನು ಬರೆದು ಹುಡುಕುತ್ತಾರೋ ಅದು ತಲೆಬರಹದಲ್ಲಿ ಇರಬೇಕಂತೆ. ನನ್ನ ತಲೆಬರಹಗಳೆಲ್ಲ 'ಹನಿಯೊಂದು ಹೇಳಿದ್ದು', 'ಮೌನದ ಮಗ್ಗುಲಲ್ಲಿ'. "ಮೌನದ ಮಗ್ಗುಲು ಎಲ್ಲಿದ್ದು ಅಂತ ಯಾರು ಹುಡುಕ್ತ ಮಾವಾ?" ಎಂದ. ಉತ್ತರ ಇರಲಿಲ್ಲ. ಊರ ಹೆಸರು ಹಾಕಿದೆ, ಅಲ್ಲೂ ಗೋಳು. ಶಿರಸಿ ಎನ್ನುವವರೂ ನಮ್ಮವರೇ, ಸಿರ್ಸಿ ಎನ್ನುವವರೂ ನಮ್ಮವರೇ. ಇಂಗ್ಲಿಷಿನಲ್ಲಿ ಹುಡುಕಿದರೆ ಉತ್ತರ ಪ್ರದೇಶದಲ್ಲೊಂದು ಸಿರ್ಸಿ, ಜೈಪುರದಲ್ಲೊಂದು ಸಿರ್ಸಿ ರಸ್ತೆ. ನಮ್ಮ ಅಪ್ಪೆಹುಳಿ ಹುಡುಕಿದವರು ಜೈಪುರದ ಎರಡು ಕೋಣೆಯ ಮನೆ ಬಾಡಿಗೆಗೆ ನೋಡಿ ಬಂದರೆ ಅದು ಅವರ ತಪ್ಪಲ್ಲ.

ಕೊನೆಗೆ ಅವನೇ ಒಂದು ಲೇಖನ ಆರಿಸಿದ. ನಮ್ಮ ದೊಡ್ಡಪ್ಪ ಮಳೆಗಾಲವಿಡೀ ಜಗುಲಿಯಲ್ಲಿ ಕಂಬಳಿ ಹೊದ್ದು ಕೂತು, ತೋಟಕ್ಕೆ ಇಳಿಯದೆಯೇ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ಅಪ್ಪಣೆ ಕೊಡುವ ಕಥೆ ಅದು. ದೊಡ್ಡಪ್ಪನ ಮೊಣಕಾಲು ಮಳೆಯನ್ನು ಟೀವಿಗಿಂತ ಎರಡು ದಿನ ಮುಂಚೆ ಹೇಳುತ್ತದೆ ಎಂಬುದು ಅದರ ಮುಖ್ಯ ಪ್ರಸಂಗ. 'ಜಗುಲಿಯ ಮೇಲೊಂದು ಮಳೆಗಾಲ' ಎಂದು ನಾನು ಮುದ್ದಾಗಿ ಇಟ್ಟಿದ್ದ ಹೆಸರು ಅಳಿಸಿ, 'ಅಡಿಕೆ ಕೊಳೆರೋಗಕ್ಕೆ ಮದ್ದು' ಎಂದು ಹಾಕಿದ. ಕೆಳಗೆ ನನ್ನ ಫೋನು ನಂಬರನ್ನೂ ಹಾಕಿ ಬೆಂಗಳೂರಿನ ಬಸ್ಸು ಹತ್ತಿದ.

ಮುಂದಿನ ಮಳೆಗಾಲಕ್ಕೆ ಓದುಗರು ಏರಿದರು ನೋಡಿ. ದಿನಕ್ಕೆ ನೂರು, ನೂರಿಪ್ಪತ್ತು. ಈ ಸಲ ಸಿಂಗಾಪುರವಲ್ಲ. ಸಿದ್ದಾಪುರ, ಯಲ್ಲಾಪುರ, ಸಾಗರ, ತೀರ್ಥಹಳ್ಳಿಯ ಕಡೆಯಿಂದೆಲ್ಲ ಫೋನು. ನಾನು ಗತ್ತಿನಲ್ಲಿ ಒಂದು ಮದುವೆಗೆ ಹೋದೆ. ಪಂಕ್ತಿಯಲ್ಲಿ ಎರಡನೇ ಹೋಳಿಗೆಗೆ ತುಪ್ಪ ಬೀಳುತ್ತಿದ್ದಾಗ ಎದುರು ಸಾಲಿನವರೊಬ್ಬರು ಎಡಗೈಯಲ್ಲಿ ಮೊಬೈಲು ಎತ್ತಿ ತೋರಿಸಿದರು.

"ಇದು ನೀವು ಬರೆದದ್ದಾ?"

ಹೌದೆಂದೆ, ವಿನಯದಿಂದ.

"ಎಷ್ಟು ಕೆಳಗೆ ಎಳೆದರೂ ನಿಮ್ಮ ದೊಡ್ಡಪ್ಪನೇ ಬರ್ತಾರೆ. ಮದ್ದು ಎಲ್ಲಿ ಸ್ವಾಮಿ? ನಮ್ಮಲ್ಲಿ ಕಾಯಿ ಉದುರಿ ಕಂಬಳಿ ಹಾಸಿದ ಹಾಗೆ ಆಗಿದೆ."

ಪಂಕ್ತಿಯಿಡೀ ನನ್ನ ಕಡೆ ತಿರುಗಿತು. ಬಡಿಸುವವನೂ ತುಪ್ಪದ ಮಿಳ್ಳೆ ಹಿಡಿದು ನಿಂತ. ಎಲೆಯಲ್ಲಿ ಹೋಳಿಗೆ ಬಿಟ್ಟು ಏಳುವ ಹಾಗಿಲ್ಲ, ತಿನ್ನುವ ಮುಖವೂ ಇಲ್ಲ. ತಿಂದೆ ಅನ್ನಿ.

ಮನೆಗೆ ಬಂದವನೇ ಲೇಖನದ ಬುಡಕ್ಕೆ ಒಂದು ಪ್ಯಾರಾ ಸೇರಿಸಿದೆ. ನೂರು ಲೀಟರು ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಐವತ್ತು ಲೀಟರು ನೀರಲ್ಲಿ ತುತ್ತ, ಇನ್ನೈವತ್ತರಲ್ಲಿ ಸುಣ್ಣ, ಬೇರೆ ಬೇರೆ ಕರಗಿಸಬೇಕು; ಕಬ್ಬಿಣದ ಪಾತ್ರೆ ಬೇಡ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತ ಕದಡಬೇಕು. ಮಸೆದ ಕತ್ತಿಯ ಅಲಗು ಅದ್ದಿ ತೆಗೆದಾಗ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಬರೆಯಲು ಹತ್ತು ನಿಮಿಷ ಹಿಡಿಯಿತು. ದೊಡ್ಡಪ್ಪನ ಭಾಗಕ್ಕೆ ಮೂರು ವಾರ ಹಿಡಿದಿತ್ತು.

ಈಗ ಬ್ಲಾಗಿಗೆ ಬರುವವರಲ್ಲಿ ಮುಕ್ಕಾಲು ಪಾಲು ಆ ಪ್ಯಾರಾಕ್ಕೇ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯ ದಿನಾಂಕ ಹಾಕಿದಾಗ ಒಂದಷ್ಟು ಜನ ನುಗ್ಗುತ್ತಾರೆ, ದಿನಾಂಕ ನೋಡಿ ಹೋಗುತ್ತಾರೆ, ತೊಟ್ಟಿಲ ಟಿಕೇಟಿನ ದರವನ್ನೂ ನನಗೇ ಕೇಳುತ್ತಾರೆ. 'ಮೌನದ ಮಗ್ಗುಲಲ್ಲಿ' ಇನ್ನೂ ಹನ್ನೊಂದರಲ್ಲೇ ಇದೆ, ಅದರಲ್ಲಿ ನಾಲ್ಕು ಹೆಂಡತಿಯ ಮೊಬೈಲಿನಿಂದ ನಾನೇ.

ಹೋದ ಜೂನಿನಲ್ಲಿ ಬೆಳಿಗ್ಗೆ ಆರಕ್ಕೆ ಫೋನು. ಸಾಗರದ ಕಡೆಯವರು. ಕತ್ತಿಗೆ ಕೆಂಪು ಹತ್ತಿದೆ, ಎಂತ ಮಾಡಲಿ ಎಂದರು. ಸುಣ್ಣ ಹಾಕಿ ಎಂದೆ. ಹಾಕಿದರು, ಕದಡಿದರು, ಅದ್ದಿದರು. ಅಷ್ಟು ಹೊತ್ತೂ ನಾನು ಲೈನಿನಲ್ಲಿ. ಸರಿಯಾಯಿತು ಎಂದ ಮೇಲೂ ಫೋನು ಇಡಲಿಲ್ಲ.

"ಇನ್ನೊಂದು ವಿಷಯ. ಮದ್ದು ಹೊಡಿಲಿಕ್ಕೆ ಎರಡು ದಿನ ಮಳೆ ಬಿಟ್ಟು ಹೊಳವು ಬೇಕು. ನಿಮ್ಮ ದೊಡ್ಡಪ್ಪಂದು ಮೊಣಕಾಲು ಎಂತ ಹೇಳ್ತದೆ?"

ಒಂದು ಗಳಿಗೆ ನನಗೆ ಮಾತು ಹೊರಡಲಿಲ್ಲ. ಫೋನು ಹಿಡಿದುಕೊಂಡೇ ಜಗುಲಿಗೆ ಓಡಿದೆ. ದೊಡ್ಡಪ್ಪ ಕಂಬಳಿಯೊಳಗೆ ಕೂತು ಕವಳಕ್ಕೆ ಸುಣ್ಣ ಹಚ್ಚುತ್ತಿದ್ದ. ವಿಷಯ ಹೇಳಿದೆ. ಅವನು ಎಲೆ ಮಡಚಿ ದವಡೆಗೆ ಇಟ್ಟುಕೊಂಡು, ಎರಡೂ ಕಾಲನ್ನು ಒಮ್ಮೆ ನೀಡಿ ಮಡಚಿ, ಗಂಭೀರವಾಗಿ ಕೇಳಿದ:

"ಅವಂಗೆ ಎಡದ್ದು ಬೇಕೋ, ಬಲದ್ದೋ?"