ಬಿದ್ದವರನ್ನ ಎತ್ತಾಕ ಒಬ್ರು ಬರಬೇಕು

ನಮ್ಮ ಗಂಗಾವತಿ ಕಡೆ ಈಗ ಗೇಮ್ ಅಂದ್ರ ಫೋನಿನ ಗೇಮ್ ಅಷ್ಟೇ. ಅಣ್ಣನ ಮಗ ಆಡೋದನ್ನ ದಿನಾ ನೋಡ್ತೀನಿ, ಸಾಯ್ತಾನ, ಒಂದು ಆ್ಯಡ್ ನೋಡ್ತಾನ, ಅಲ್ಲೇ ಎದ್ದು ನಿಲ್ತಾನ, ಆ್ಯಡ್ ಬ್ಯಾಡಂದ್ರ ರೊಕ್ಕ ಕೊಡು ಅಂತೈತಿ. ಬಿದ್ದವನ್ನ ಎಬ್ಬಿಸೋದನ್ನೂ ಮಾರಾಕ ಇಟ್ಟಾರಲ್ಲ ಅಂತ ನನಗ ಖರೇನ ಸಿಟ್ಟು ಬರ್ತೈತಿ. ಯಾಕಂದ್ರ ನಾನು ಬೆಳೆದಿದ್ದು ಪೋಕೆಮಾನ್ ಮಿಸ್ಟರಿ ಡಂಜನ್ ಆಡಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. 2005ರಾಗ ಜಪಾನಿನ ಚುನ್‌ಸಾಫ್ಟ್‌ನವರು ಮಾಡಿದ್ದು, ಕೈಯಾಗ ಹಿಡಿದು ಆಡೋ ಎರಡು ಯಂತ್ರಕ್ಕ ಎರಡು ರೂಪ, ರೆಡ್ ರೆಸ್ಕ್ಯೂ ಟೀಮ್ ಗೇಮ್ ಬಾಯ್ ಅಡ್ವಾನ್ಸ್‌ಗೆ, ಬ್ಲೂ ರೆಸ್ಕ್ಯೂ ಟೀಮ್ ನಿಂಟೆಂಡೊ ಡಿಎಸ್‌ಗೆ. ಬ್ಯಾರೆ ಪೋಕೆಮಾನ್ ಗೇಮಿನಾಗ ನಾವು ಮನುಷ್ಯಾರಾಗಿ ಹಿಂದ ನಿಂತು ಹುಕುಂ ಕೊಡ್ತೀವಿ, ಹೊಡೆತ ತಿನ್ನೋದು ಆ ಪ್ರಾಣಿ. ಇಲ್ಲಿ ಶುರುವಿನಾಗ ಒಂದಿಷ್ಟು ಪ್ರಶ್ನೆ ಕೇಳಿ ನಿನ್ನ ಸ್ವಭಾವ ಇಂಥಾದ್ದು, ನೀನು ಇಂಥಾ ಪೋಕೆಮಾನ್ ಅಂತ ಅದ ಹೇಳ್ತೈತಿ, ಕಣ್ಣು ಬಿಟ್ರ ನೀನ ಆ ಪ್ರಾಣಿ, ಒಬ್ಬ ಗೆಳೆಯನ ಜೊತಿ ಗುಹಿ ಹೊಕ್ಕು ಸಿಕ್ಕಿಬಿದ್ದವರನ್ನ ಬಿಡಿಸಬೇಕು. ಹೊಡೆತ ನಿನಗ, ಹಸಿವೂ ನಿನಗ. ನಡೆದಂಗ ಹೊಟ್ಟಿ ಖಾಲಿ ಆಗ್ತದ, 100ರಿಂದ ಇಳಿಕೋತ ಬಂದು ಸೊನ್ನಿ ಆತಂದ್ರ ಒಂದೊಂದು ಹೆಜ್ಜಿಗೂ ಜೀವ ಕಡಿಮಿ. ಒಂದು ಸೇಬು ತಿಂದ್ರ 50 ತುಂಬ್ತದ. ಹಿಂಗಾಗಿ ಚೀಲದಾಗ ಸೇಬು ಇಡ್ಲೋ, ಔಷಧಿ ಹಣ್ಣು ಇಡ್ಲೋ ಅಂತ ಒಳಗ ಹೋಗೋ ಮೊದ್ಲ ಕುಂತು ಯೋಚ್ನಿ ಮಾಡಬೇಕು.

ಗುಹಿ ಪ್ರತಿ ಸಲ ಹೊಸಾದು, ನಕ್ಷೆ ಬಾಯಿಪಾಠ ಮಾಡಿ ಏನೂ ಉಪಯೋಗಿಲ್ಲ. 1980ರ ರೋಗ್ ಅನ್ನೋ ಕಂಪ್ಯೂಟರ್ ಗೇಮಿಂದ ಬಂದ ಪದ್ಧತಿ ಇದು. ಚುನ್‌ಸಾಫ್ಟ್‌ನವರು 1993ರಾಗ ಡ್ರ್ಯಾಗನ್ ಕ್ವೆಸ್ಟ್ ಗೇಮಿನ ಟೊರ್ನೆಕೊ ಅನ್ನೋ ವ್ಯಾಪಾರಿನ್ನ ಹಿಡಕೊಂಡು ಅದನ್ನ ಟೀವಿ ಗೇಮಿಗೆ ತಂದ್ರು, ಪೋಕೆಮಾನ್ ಆಮ್ಯಾಲಿಂದು.

ನನಗ ಭಾಳ ಸೇರೋದು ಏನಂದ್ರ ನೀನು ಒಂದು ಹೆಜ್ಜಿ ಇಟ್ರಷ್ಟೇ ವೈರಿನೂ ಒಂದು ಹೆಜ್ಜಿ ಇಡ್ತಾನ, ನೀನು ನಿಂತ್ರ ಎಲ್ಲಾ ನಿಲ್ತದ. ಒಂದು ಕೋಣಿಗೆ ಕಾಲಿಡ್ತೀಯ, ಮಾನ್‌ಸ್ಟರ್ ಹೌಸ್! ಅಂತ ಬರ್ತೈತಿ, ಮ್ಯಾಲಿಂದ ದಬದಬ ಅಂತ ವೈರಿಗಳು ಬೀಳ್ತಾವ. ಗಾಬರಿಬಿದ್ದು ನಡುವ ನಿಂತ್ಯೋ, ಸುತ್ತ ಎಂಟೂ ಕಡಿಂದ ಬಡೀತಾವ. ಹಿಂದಕ್ಕ ಸರಿದು ಇಕ್ಕಟ್ಟು ಹಾದಿ ಹೊಕ್ಕರ ಒಂದೊಂದ ಮುಂದ ಬರ್ತಾವ, ಹೊಡಿಬಹುದು. ಬ್ಯಾಟರಿ ಲೈಟ್ ಕೆಂಪಗಾಗಿರ್ತಿತ್ತು, ಕರೆಂಟ್ ಹೋಗಿರ್ತಿತ್ತು, ಆದ್ರೂ ಒಂದು ಗುಂಡಿ ಒತ್ತಾಕ ಎಷ್ಟೋ ಹೊತ್ತು ಕುಂತಿರ್ತಿದ್ದೆ. ಇಂಥಾ ತಾಳ್ಮಿ ಇವತ್ತಿನ ಯಾವ ಗೇಮ್ ಕಲಿಸ್ತದ ಹೇಳ್ರಿ.

ಬಿದ್ರ ರೊಕ್ಕಾ ಹೋಗ್ತದ, ಚೀಲದಾಗಿನ ಒಂದಿಷ್ಟು ಸಾಮಾನೂ ಹೋಗ್ತಾವ. ಆದ್ರ ಒಂದು ದಾರಿ ಐತಿ. ನೀನು ಬಿದ್ದಲ್ಲಿಂದ ಸಹಾಯ ಕೇಳಿದ್ರ ಗೇಮ್ ಒಂದು ಉದ್ದನ್ನ ಪಾಸ್‌ವರ್ಡ್ ಕೊಡ್ತದ. ನಮ್ಮ ದೊಡ್ಡವ್ವನ ಮಗ ಸಿಂಧನೂರಾಗ ಇದ್ದ, ಅವನ ಹತ್ರನೂ ಡಿಎಸ್ ಇತ್ತು. ಅವಂಗ ಫೋನ್ ಹಚ್ಚಿ ಒಂದೊಂದ ಅಕ್ಷರ ಹೇಳ್ತಿದ್ದೆ, ಎಂ ಅಂದ್ರ ಮಂಗಳವಾರದ ಎಂ, ಆಮ್ಯಾಲೆ ಕ್ವಶ್ಚನ್ ಮಾರ್ಕ್, ಅಂತ. ಅವ ಅದನ್ನ ತನ್ನ ಗೇಮಿಗೆ ಹೊಡೆದು, ಅದ ಗುಹಿಯೊಳಗ ಹೊಕ್ಕು, ತನ್ನ ಸೇಬು ತಿಂದು, ತನ್ನ ಜೀವ ಒತ್ತೆ ಇಟ್ಟು ನಾನು ಬಿದ್ದ ಮಜಲಿಗೆ ಬಂದು, ಇನ್ನೊಂದು ಪಾಸ್‌ವರ್ಡ್ ವಾಪಸ್ ಹೇಳ್ಬೇಕು. ಅವಾಗ ನಾನು ಬಿದ್ದಲ್ಲೇ ಏಳ್ತಿದ್ದೆ, ಸಾಮಾನೆಲ್ಲಾ ಹಂಗ. ಒಂದ್ಸಲ ಅವ ನನ್ನ ಬಿಡಿಸಾಕ ಬಂದು ತಾನೂ ಬಿದ್ದ, ಆದ್ರೂ ಮಾರನೇ ದಿನ ಮತ್ತ ಹೊಕ್ಕ. ರೊಕ್ಕ ಕೊಟ್ರ ಇಂಥಾ ತಮ್ಮ ಸಿಗ್ತಾನೇನ್ರಿ?

ಕಥಿನೂ ಇದನ್ನ ಹೇಳ್ತೈತಿ. ಭೂಕಂಪ ಆಗಾಕ ನೀನ ಕಾರಣ ಅಂತ ಗೆಂಗರ್ ಅನ್ನೋ ಪೋಕೆಮಾನ್ ಊರಾಗ ಸುದ್ದಿ ಹಬ್ಬಿಸ್ತಾನ, ನಿನ್ನಿತನಕ ಕೈ ಹಿಡಿದವರೆಲ್ಲ ಬೆನ್ನು ಹತ್ತತಾರ. ಓಡಿ ಹೋಗುವಾಗ ಮೊದ್ಲಿಂದ ಜೊತಿಗಿರೋದು ಆ ಒಬ್ಬ ಗೆಳೆಯ ಅಷ್ಟೇ, ಬೆಂಕಿ ಗುಡ್ಡ ದಾಟಿ ಹಿಮದ ಗುಡ್ಡದ ತನಕ, ನೈನ್‌ಟೇಲ್ಸ್ ಅನ್ನೋ ಪೋಕೆಮಾನಿನ ಬಾಯಿಂದ ಖರೇ ಮಾತು ಹೊರಗ ಬರೋ ತನಕ. ಆ ಭಾಗ ಈಗ ಆಡಿದ್ರೂ ನನಗ ಗಂಟಲು ಕಟ್ತದ.

ಮಕ್ಕಳಿಗೆ ಕೊಡಿಸ್ತೀವಿ ಅನ್ನೋರಿಗೆ 2020ರಾಗ ನಿಂಟೆಂಡೊದ ಸ್ವಿಚ್ ಯಂತ್ರಕ್ಕ ಇದನ್ನ ಹೊಸದಾಗಿ ರೆಸ್ಕ್ಯೂ ಟೀಮ್ ಡಿಎಕ್ಸ್ ಅಂತ ಮಾಡ್ಯಾರ. ಅದರಾಗ ತಾನಾಗೇ ನಡೆಯೋ ಆಟೋ ಮೋಡ್ ಐತಿ, ದಯವಿಟ್ಟು ಅದನ್ನ ಮುಟ್ಟಬ್ಯಾಡ್ರಿ, ಹೆಜ್ಜಿ ಮಕ್ಕಳೇ ಇಡ್ಲಿ. ರೆಸ್ಕ್ಯೂ ಕೋಡ್ ಅದರಾಗೂ ಐತಿ. ಯಾರಾದ್ರೂ ಬಿದ್ದು ಕುಂತಿದ್ರ ಇನ್‌ಬಾಕ್ಸ್‌ಗೆ ಕೋಡ್ ಕಳಸ್ರಿ, ಉಂಡ ಮ್ಯಾಲೆ ಬರ್ತೀನಿ.