ಬೆಳ್ಳಿ ಚಮಚದ ಹಳೆಯ ಕಡತ

ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಚಟವೆಂದರೆ ಬ್ರಿಟನ್ನಿನ ಕೋಲ್ಡ್ ಕೇಸ್ ಧಾರಾವಾಹಿಗಳು, ಅಂದರೆ ವರ್ಷಗಟ್ಟಲೆ ಬಗೆಹರಿಯದೆ ಉಳಿದ ಅಪರಾಧಗಳನ್ನು ಮತ್ತೆ ಕೆದಕುವ ಪೊಲೀಸ್ ಕಥೆಗಳು. ಬಿಬಿಸಿಯ ‘ನ್ಯೂ ಟ್ರಿಕ್ಸ್’ನಲ್ಲಿ ನನ್ನಂತಹ ಪಿಂಚಣಿದಾರರೇ ಹಳೆಯ ಕಡತಗಳ ಧೂಳು ಕೊಡವುವುದನ್ನು ಕಂಡಾಗಲೇ ಬೆರಳು ತುರಿಸಿದ್ದುಂಟು. ಆದರೆ ನನ್ನನ್ನು ಪೂರ್ತಿ ಕೆಡಿಸಿದ್ದು 2015ರಲ್ಲಿ ಐಟಿವಿಯಲ್ಲಿ ಆರಂಭವಾದ ‘ಅನ್‌ಫರ್ಗಾಟನ್’. ಕೆಡವಿದ ಮನೆಯೊಂದರ ನೆಲಮಾಳಿಗೆಯಲ್ಲಿ ಅಸ್ಥಿಪಂಜರವೊಂದು ಸಿಗುತ್ತದೆ. ಆತ ಸತ್ತು 39 ವರ್ಷಗಳಾಗಿವೆ. ಪತ್ತೇದಾರಿ ಪೊಲೀಸ್ ಅಧಿಕಾರಿಗಳಾದ ಕ್ಯಾಸಿ ಸ್ಟುವರ್ಟ್ ಮತ್ತು ಬೆನ್ನಚೀಲ ಹೊತ್ತ ಸನ್ನಿ ಖಾನ್ ಯಾರದೋ ಸೋಫಾದ ಅಂಚಿನಲ್ಲಿ ಕುಳಿತು ಮೆಲುದನಿಯಲ್ಲಿ ಒಂದು ಮಾತು ಕೇಳುತ್ತಾರೆ, ಎದುರಿನ ಮುದುಕರ ಮುಖದಲ್ಲಿ 1976ನೇ ಇಸವಿ ಹಣಿಕಿ ಹಾಕುತ್ತದೆ. ಬೆಳಿಗ್ಗೆ ಇಟ್ಟ ಕನ್ನಡಕ ಮಧ್ಯಾಹ್ನಕ್ಕೆ ಸಿಗದ ಮನೆಯಲ್ಲಿ ಬದುಕುವ ನನಗೆ ಇದು ಪವಾಡದಂತೆ ಕಂಡಿತು.

ನಮ್ಮ ಮನೆಯಲ್ಲೂ ಇತ್ಯರ್ಥವಾಗದ ಪ್ರಕರಣವೊಂದಿತ್ತು. 2009ರ ಗೃಹಪ್ರವೇಶದಂದು ಪಂಚಾಮೃತ ಹಂಚಿದ ಬೆಳ್ಳಿ ಚಮಚ, ಅತ್ತೆಯವರು ಕೊಟ್ಟದ್ದು, ಅಂದೇ ಕಾಣೆಯಾಗಿತ್ತು. ಅಟ್ಟದಿಂದ ಹಳೆಯ ಬೆನ್ನಚೀಲವನ್ನು ಇಳಿಸಿ, ಸನ್ನಿಯಂತೆ ಹೆಗಲಿಗೇರಿಸಿಕೊಂಡು ನಾನು ತನಿಖೆಗೆ ಹೊರಟೆ. ಆ ಧಾರಾವಾಹಿಯ ಮೊದಲ ಕಂತಿನಲ್ಲಿ ಸಂಶಯಿತರು ನಾಲ್ವರು. ನಾನೂ ನಾಲ್ವರನ್ನೇ ಆರಿಸಿಕೊಂಡೆ. ನಾದಿನಿಯ ಮನೆಯಲ್ಲಿ ಚಕ್ಕುಲಿ ಮೆಲ್ಲುತ್ತಾ, ಆದಷ್ಟು ಮೃದುವಾಗಿ, “ಅಂದು ಮಂಗಳಾರತಿಯ ಹೊತ್ತಿಗೆ ತಾವು ಎಲ್ಲಿದ್ದಿರಿ?” ಎಂದೆ. ಆಕೆ ಚಕ್ಕುಲಿಯ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿ ಒಳಗಿಟ್ಟರು. ಷಡ್ಡಕರು ಕಣ್ಣುಮುಚ್ಚಿ ಯೋಚಿಸಿ, ಅಂದಿನ ಹೋಳಿಗೆಗೆ ತುಪ್ಪ ಸಾಲದಾಗಿತ್ತೆಂಬ ದೂರನ್ನು ಇಂದಿನಷ್ಟೇ ಬಿಸಿಯಾಗಿ ಒಪ್ಪಿಸಿದರು. ಉಳಿದಿಬ್ಬರು ಬಾಗಿಲನ್ನೇ ತೆರೆಯಲಿಲ್ಲ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಧಾರಾವಾಹಿಯಲ್ಲೂ ಹೀಗೆಯೇ, ಅಪರಾಧಿ ಸಿಗುವಷ್ಟರಲ್ಲಿ ನಾಲ್ಕೂ ಸಂಸಾರಗಳು ನಡುಗಿರುತ್ತವೆ. ನೋಡುವಾಗ ಅದನ್ನು ನಾನು ಕಥೆಯ ಆಳವೆಂದು ಹೊಗಳುತ್ತಿದ್ದೆ.

ಸೋತು ಮನೆಗೆ ಬಂದವನು ಕನ್ನಡಕದ ಡಬ್ಬಿಗಾಗಿ ಚೀಲದ ಪಕ್ಕದ ಕಿಸೆಗೆ ಕೈಹಾಕಿದೆ. ಒಣಗಿ ಗರಿಗರಿಯಾದ ಬಾಳೆಲೆಯ ತುಂಡಿನಲ್ಲಿ ಸುತ್ತಿದ್ದ, ಕಪ್ಪುಗಟ್ಟಿದ ಚಮಚವೊಂದು ಕೈಗೆ ತಾಕಿತು. ಗದ್ದಲದಲ್ಲಿ ಕಳೆದೀತೆಂದು ಜೋಪಾನವಾಗಿ ಎತ್ತಿಟ್ಟವನು ನಾನೇ. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ, “ಏನಾದರೂ ಸುಳಿವು ಸಿಕ್ಕಿತೆ?” ಎಂದು ಕೇಳಿದಳು. ಇನ್ನೂ ವಿಚಾರಣೆ ನಡೆದಿದೆಯೆಂದು ಹೇಳಿ, ಚೀಲವನ್ನು ಮತ್ತೆ ಅಟ್ಟಕ್ಕೇರಿಸಿದೆ.